ಯಾವ ಊರಿನ ಕಾಡು? ನಿಸರ್ಗ, ಬಣ್ಣ ಮತ್ತು ಡಿಜಿಟಲ್ ಪರದೆಯ ವಾದಗಳು

ಬೆಂಗಳೂರಿನ ಗ್ಯಾಲರಿಗಳಲ್ಲಿ ಗೋಡೆಗಳು ಈಗೀಗ ಸುಮ್ಮನಿರುವುದಿಲ್ಲ. ಬಿಡಿಸಿದ ಚಿತ್ರದ ಮೇಲೆ ಬೆಳಕು ಹರಿಯುತ್ತದೆ, ಎಲೆ ಅಲುಗುತ್ತದೆ, ನೋಡುವವರು ಹತ್ತಿರ ಬಂದರೆ ಹೂವು ಅರಳುತ್ತದೆ. 2023ರ ಫೆಬ್ರುವರಿಯಲ್ಲಿ ಕಸ್ತೂರಬಾ ರಸ್ತೆಯ ಮ್ಯೂಸಿಯಂ ಆಫ್ ಆರ್ಟ್ ಅಂಡ್ ಫೋಟೋಗ್ರಫಿ ಬಾಗಿಲು ತೆರೆದಾಗ, ಕೋಟೇಶ್ವರದ ಎಲ್.ಎನ್. ತಲ್ಲೂರ್ ಅಲ್ಲಿನ ಹಳೆಯ ದೀಪಗಳ ಸಂಗ್ರಹವನ್ನು ಕೃತಕ ಬುದ್ಧಿಮತ್ತೆಯ ಎದುರು ತಂದು ನಿಲ್ಲಿಸಿದ್ದರು. ಮರುತಿಂಗಳು ಬೆಂಗಳೂರು ಇಂಟರ್‌ನ್ಯಾಷನಲ್ ಸೆಂಟರ್‌ನಲ್ಲಿ ‘ಫ್ಯೂಚರ್‌ಫೆಂಟಾಸ್ಟಿಕ್’ ಉತ್ಸವ ನಡೆಯಿತು. ಅದರ ವಸ್ತು ಹವಾಮಾನ ಬದಲಾವಣೆ, ಸಾಧನ ಎಐ. 2024ರ ಜನವರಿಯಲ್ಲಿ ಬಳ್ಳಾರಿ ರಸ್ತೆಯ ಸೈನ್ಸ್ ಗ್ಯಾಲರಿ ತನ್ನ ಸ್ವಂತ ಕಟ್ಟಡದಲ್ಲಿ ‘ಕಾರ್ಬನ್’ ಎಂಬ ಪ್ರದರ್ಶನದೊಂದಿಗೆ ಶುರುವಾಯಿತು.

ಇದು ಚಿತ್ರಕಲೆಯೇ, ಬರೀ ಗಿಮಿಕ್ಕೇ? ನಿಸರ್ಗದ ಬಗ್ಗೆ ಕಾಳಜಿ ಹುಟ್ಟಿಸುತ್ತದೆಯೇ, ನಿಸರ್ಗದ ಬದಲಿಗೆ ಅದರ ನಕಲನ್ನು ಮಾರುತ್ತದೆಯೇ? ಕಲಾವಲಯದ ಜಗಳ ಸಾಮಾನ್ಯವಾಗಿ ಈ ಸುತ್ತಲೇ ನಡೆಯುತ್ತದೆ. ಅದನ್ನು ಬೆಂಗಳೂರಿನಿಂದ ಸುಮಾರು 400 ಕಿ.ಮೀ. ದೂರದ, ಗದಗ ಜಿಲ್ಲೆಯ ಲಕ್ಷ್ಮೇಶ್ವರ ಸೀಮೆಯಿಂದ, ಯಳವತ್ತಿಯಂಥ ಊರಿನ ಕಡೆಯಿಂದ ನೋಡಿದರೆ ಬೇರೆಯೇ ಪ್ರಶ್ನೆ ಏಳುತ್ತದೆ. ಇಲ್ಲಿ ನಿಸರ್ಗವೆಂದರೆ ಎರಿ ಹೊಲ, ಹಿಂಗಾರಿ ಕಡ್ಲಿ, ಬಂದರೆ ಬಂತು ಬಿಟ್ಟರೆ ಬಿಟ್ಟಿತು ಎನ್ನುವ ಮಳೆ. ಒಂದು ಕಡೆ ಚಳಿಗಾಲದಲ್ಲಿ ಹೆಬ್ಬಾತುಗಳು ಇಳಿಯುವ ಮಾಗಡಿ ಕೆರೆ, ಇನ್ನೊಂದು ಕಡೆ ಗಾಳಿಯಂತ್ರಗಳನ್ನು ಹೊತ್ತು ನಿಂತ ಕಪ್ಪತಗುಡ್ಡ. ಇಂಥಲ್ಲಿ ನಿಂತವರು ಕೇಳಬೇಕಾದ್ದು, ಪರದೆಯ ಮೇಲೆ ಅರಳಿದ ಆ ಹೂವು ಯಾವ ಊರಿನದು ಎಂದು. ಉಳಿದ ವಾದಗಳೆಲ್ಲ ಈ ಪ್ರಶ್ನೆಯ ಮುಂದೆ ಎಷ್ಟು ನಿಲ್ಲುತ್ತವೆ ಎಂದು ನೋಡುವುದು ಈ ಬರಹದ ಉದ್ದೇಶ.

ಬೆಳಕಿನ ಪರದೆಯ ಹಿಂದಿನ ಕಥೆ

ಬಣ್ಣ ಮತ್ತು ಬೆಳಕು ಕೂಡಿ ಚಲಿಸುವ ಚಿತ್ರ ಉತ್ತರ ಕರ್ನಾಟಕಕ್ಕೆ ಪ್ರೊಜೆಕ್ಟರ್ ಜತೆ ಬಂದದ್ದಲ್ಲ. ಕಿಳ್ಳೇಕ್ಯಾತರ ತೊಗಲುಗೊಂಬೆಯನ್ನು ಕೈಯಲ್ಲಿ ಹಿಡಿದು ನೋಡಿ. ಬೆಳಕು ಹಾಯುವಷ್ಟು ತೆಳ್ಳಗಾಗುವವರೆಗೆ ತೊಗಲನ್ನು ಹೆರೆದಿರುತ್ತಾರೆ. ಕೆಂಪು, ಹಸಿರು, ಕಪ್ಪು ಬಣ್ಣ ಎರಡೂ ಮೈಗೆ ಇಳಿದಿರುತ್ತದೆ. ಕೊರಳ ಸರ, ಸೀರೆಯ ಅಂಚು ಇರುವಲ್ಲೆಲ್ಲ ಉಳಿಯಿಂದ ಸಣ್ಣ ಸಣ್ಣ ತೂತು. ಹಗಲಿನಲ್ಲಿ ಅವು ಬರೀ ತೂತುಗಳು. ರಾತ್ರಿ ದೀಪದ ಮುಂದೆ ಹಿಡಿದರೆ ಒಡವೆಗಳಾಗುತ್ತವೆ. ಪ್ರಾಣಿಯ ಚರ್ಮ, ಗಿಡಮೂಲದ ಬಣ್ಣ, ಎಣ್ಣೆಯ ಬೆಳಕು ಸೇರಿ ಆದ ಈ ಕಲೆಯಲ್ಲಿ ನಿಸರ್ಗ, ಚಿತ್ರ, ತಂತ್ರ ಬೇರೆಬೇರೆಯಾಗಿ ಇರಲೇ ಇಲ್ಲ. ಎಣ್ಣೆ ದೀಪ ಹೋಗಿ ಬಲ್ಬು ಬಂದಾಗ ಜ್ವಾಲೆಯ ನಡುಕ ಹೋಯಿತು, ಗೊಂಬೆಯ ಉಸಿರಾಟವೂ ಸ್ವಲ್ಪ ಕಡಿಮೆಯಾಯಿತು. ತಂತ್ರ ಬದಲಾದರೆ ಕಲೆ ಏನನ್ನೋ ಕಳೆದುಕೊಳ್ಳುತ್ತದೆ ಎಂಬ ಇಂದಿನ ಆಕ್ಷೇಪ ಆಗಲೂ ಸಲ್ಲುತ್ತಿತ್ತು. ಆಟವೇನೂ ನಿಲ್ಲಲಿಲ್ಲ.

ಎರಡನೆಯದು ಕಂಪನಿ ನಾಟಕದ ಪರದೆ. ಗರುಡ ಸದಾಶಿವರಾಯರ ದತ್ತಾತ್ರೇಯ ನಾಟಕ ಮಂಡಳಿ ಗದಗಿನದು. ಆ ಕಾಲದ ಕಂಪನಿಗಳ ಬಳಿ ಅರಮನೆ, ಬೀದಿ, ಕಾಡು ಎಂದು ಬರೆಸಿಟ್ಟ ಪರದೆಗಳಿರುತ್ತಿದ್ದವು. ರಾಮ ವನವಾಸಕ್ಕೆ ಹೋದರೂ ಅದೇ ಕಾಡು, ನಳ ದಮಯಂತಿಯನ್ನು ಬಿಟ್ಟು ನಡೆದರೂ ಅದೇ ಕಾಡು. ಪ್ರೇಕ್ಷಕರು ಅದನ್ನು ತಕರಾರಿಲ್ಲದೆ ಒಪ್ಪಿದ್ದರು, ಏಕೆಂದರೆ ಅವರು ನೋಡಲು ಬಂದದ್ದು ಕಾಡನ್ನಲ್ಲ. ಜಾತ್ರೆಯ ಫೋಟೊ ಸ್ಟುಡಿಯೊಗಳ ಹಿಂದೆ ತೂಗುತ್ತಿದ್ದ ಜಲಪಾತವೂ ಇದೇ ಕುಲದ್ದು. ಎಲ್ಲಿಯದೂ ಅಲ್ಲದ, ಎಲ್ಲಿಗೂ ಸಲ್ಲುವ ನಿಸರ್ಗ. ಇದನ್ನು ಇಲ್ಲಿ ‘ಕಾಡಿನ ಪರದೆ’ ಎಂದು ಕರೆಯೋಣ, ಮುಂದೆ ಬೇಕಾಗುತ್ತದೆ.

ಇದಕ್ಕೆ ಎದುರಾದ ಇನ್ನೊಂದು ಧಾರೆಯೂ ಇತ್ತು. 19ನೇ ಶತಮಾನದ ಕೊನೆಯಲ್ಲಿ ಲಾಲ್‌ಬಾಗಿಗಾಗಿ ಚೆಲುವಯ್ಯ ರಾಜು ಬಿಡಿಸಿದ ಸಸ್ಯಚಿತ್ರಗಳಲ್ಲಿ ಯಾವುದೋ ಒಂದು ಎಲೆ ಎಂಬುದಿಲ್ಲ. ಇಂಥ ಗಿಡದ ಇಂಥ ಎಲೆ. ಅವನೀಂದ್ರನಾಥ ಟಾಗೋರರ ಶಿಷ್ಯರಾಗಿದ್ದ ಕೆ. ವೆಂಕಟಪ್ಪ ಊಟಿಯ ಮಂಜು, ಬೆಳಗು, ಮಳೆಯನ್ನು ಜಲವರ್ಣದಲ್ಲಿ ಹಿಡಿದಾಗಲೂ ಅದೇ ಶಿಸ್ತು. ಸ್ವಾತಂತ್ರ್ಯ ಹೋರಾಟಗಾರ ರುಮಾಲೆ ಚನ್ನಬಸವಯ್ಯ ಬೆಂಗಳೂರಿನ ಹೂಬಿಡುವ ಮರಗಳ ಮುಂದೆಯೇ ಕುಳಿತು ಬರೆದರು. ಗದಗಿನಲ್ಲಿ ಟಿ.ಪಿ. ಅಕ್ಕಿಯವರು ಕಟ್ಟಿದ ವಿಜಯ ಕಲಾಮಂದಿರ ಈ ಭಾಗದ ಹುಡುಗರ ಕೈಗೆ ಕುಂಚ ಕೊಟ್ಟಿತು. ಆಮೇಲೆ ವಿಡಿಯೊ ಬಂತು, ಕಂಪ್ಯೂಟರ್ ಬಂತು. 2009ರಲ್ಲಿ ಬೆಂಗಳೂರಿನಲ್ಲಿ ಶುರುವಾದ ‘ಜಾಗ’ ಎಂಬ ತಾಣ ಕಬ್ಬಿಣದ ಚೌಕಟ್ಟಿನ ಗೋಡೆಗಳಲ್ಲಿ ಗಿಡ ಬೆಳೆಸಿ, ಅಲ್ಲಿಯೇ ಡಿಜಿಟಲ್ ಕಲೆಗೂ ಎಡೆ ಮಾಡಿಕೊಟ್ಟಿತು. ಫ್ಯೂಚರ್‌ಫೆಂಟಾಸ್ಟಿಕ್‌ನ ಬೇರು ಅಲ್ಲಿದೆ.

ಕಣ್ಣಿನವರ ವಾದ

ಇಂದಿನ ಜಗಳದಲ್ಲಿ ಮೊದಲ ಪಂಥದವರು, ಅಂದರೆ ಕಣ್ಣಿನವರು, ಹೇಳುವುದು ಸರಳ: ಉಪಕರಣ ಬದಲಾಗಿದೆ, ನೋಟ ಬದಲಾಗಿಲ್ಲ. ಇವರ ದೊಡ್ಡ ಸಾಕ್ಷಿ ಇಂಗ್ಲೆಂಡಿನ ಡೇವಿಡ್ ಹಾಕ್ನಿ. ಜೀವನವಿಡೀ ಬಣ್ಣದ ಡಬ್ಬಿಯೊಂದಿಗೆ ಇದ್ದ ಈ ಚಿತ್ರಕಾರ ಎಪ್ಪತ್ತು ದಾಟಿದ ಮೇಲೆ ಐಪ್ಯಾಡ್ ಹಿಡಿದರು. 2011ರಲ್ಲಿ ಯಾರ್ಕ್‌ಷೈರಿನ ಒಂದು ರಸ್ತೆಗೆ ವಸಂತ ಬರುವುದನ್ನು ದಿನದಿನವೂ ಬರೆದರು. 2020ರಲ್ಲಿ, ಕೊರೊನಾ ಕಾಲದಲ್ಲಿ, ಫ್ರಾನ್ಸಿನ ನಾರ್ಮಂಡಿಯಲ್ಲಿ ಮತ್ತೆ ಅದನ್ನೇ ಮಾಡಿದರು. ಆ ಸರಣಿಯ 116 ಚಿತ್ರಗಳು ಲಂಡನ್ನಿನಲ್ಲಿ ಪ್ರದರ್ಶನಗೊಂಡವು. ಐಪ್ಯಾಡ್ ಅವರಿಗೆ ಕೊಟ್ಟದ್ದು ವೇಗ. ಬೆಳಕು ಬದಲಾಗುವ ಮೊದಲೇ ಬಣ್ಣ ಬಿದ್ದಿರುತ್ತದೆ, ನೀರು ಒಣಗಲಿ ಎಂದು ಕಾಯಬೇಕಿಲ್ಲ. ಬರೆದ ಗೆರೆಗಳನ್ನೆಲ್ಲ ಅದೇ ಕ್ರಮದಲ್ಲಿ ಮತ್ತೆ ಓಡಿಸಿ ತೋರಿಸಲೂಬಹುದು.

ಇದೇ ಪಂಥದಲ್ಲಿ ಇನ್ನೂ ಸೂಕ್ಷ್ಮವಾದ ಉದಾಹರಣೆ ನಮ್ಮ ದೇಶದ್ದೇ. ರಣಬೀರ್ ಕಲೇಕಾ ಅವರ ‘ಮ್ಯಾನ್ ಥ್ರೆಡಿಂಗ್ ಎ ನೀಡಲ್’ 1998–99ರ ಕೃತಿ. ಈಸೆಲ್ ಮೇಲೆ ಒಂದು ತೈಲಚಿತ್ರ: ಸೂಜಿಗೆ ದಾರ ಪೋಣಿಸುತ್ತಿರುವ ಮನುಷ್ಯ. ಆ ಚಿತ್ರದ ಮೇಲೆಯೇ ಅದೇ ಭಂಗಿಯ ಮನುಷ್ಯನ ವಿಡಿಯೊ ಬೀಳುತ್ತದೆ. ಬಣ್ಣದ ಮನುಷ್ಯ ಕದಲುವುದಿಲ್ಲ, ಬೆಳಕಿನ ಮನುಷ್ಯ ಉಸಿರಾಡುತ್ತಾನೆ. ಎರಡೂ ಒಂದಕ್ಕೊಂದು ಪೂರ್ತಿ ಹೊಂದದ ಆ ಅಂಚಿನಲ್ಲಿ ಚಿತ್ರ ಜೀವ ಹಿಡಿಯುತ್ತದೆ. ಚಿತ್ರ ಮತ್ತು ಪ್ರೊಜೆಕ್ಷನ್ ಕೂಡಿಸುವ ಇಂದಿನ ಅನೇಕ ಪ್ರದರ್ಶನಗಳು ಈ ಅಂಚನ್ನು ಅಳಿಸಿ ನಯವಾಗಿಸಲು ಹೆಣಗುತ್ತವೆ. ನನ್ನ ದೃಷ್ಟಿಯಲ್ಲಿ ಅಲ್ಲೇ ಅವು ಸೋಲುತ್ತವೆ.

ಹಾಕ್ನಿಯಂಥವರ ಪರದೆ ಏಕೆ ಪೊಳ್ಳೆನಿಸುವುದಿಲ್ಲ ಎಂಬುದಕ್ಕೆ ಕಣ್ಣಿನವರ ಬಳಿ ಉತ್ತರವಿದೆ: ಅವರು ಒಂದೇ ರಸ್ತೆಯನ್ನು ತಿಂಗಳುಗಟ್ಟಲೆ ನೋಡಿದ್ದಾರೆ. ಆದರೆ ನಿಸರ್ಗವನ್ನು ಬರೀ ನೋಟವಾಗಿ ಕಾಣುವ ಈ ನಿಲುವು, ಆ ರಸ್ತೆಯ ಪಕ್ಕದ ಹೊಲ ಯಾರದು, ಅಲ್ಲಿ ನೀರು ಎಷ್ಟಿದೆ ಎಂದು ಕೇಳುವುದಿಲ್ಲ. ರೈತನ ಊರಲ್ಲಿ ಈ ಮೌನ ಬೇಗ ಕಿವಿಗೆ ಬೀಳುತ್ತದೆ.

ಮಣ್ಣಿನವರ ವಾದ

ನಿಸರ್ಗವನ್ನು ಬಿಡಿಸುವುದೇಕೆ, ಅದರಿಂದಲೇ ಕೃತಿ ಮಾಡಬಾರದೇಕೆ ಎಂಬುದು ಇವರ ಪ್ರಶ್ನೆ. ಭದ್ರಾವತಿಯಲ್ಲಿ ಹುಟ್ಟಿದ ಶೀಲಾ ಗೌಡ 1990ರ ದಶಕದ ಆರಂಭದಲ್ಲಿ ಕ್ಯಾನ್ವಾಸಿನ ಬಣ್ಣವನ್ನು ಬಿಟ್ಟು ಸಗಣಿ ಹಿಡಿದರು. ಸಗಣಿ ಇಲ್ಲಿ ವಸ್ತುವೂ ಹೌದು, ಅರ್ಥವೂ ಹೌದು: ಉರುವಲು, ಗೊಬ್ಬರ, ನೆಲ ಸಾರಿಸುವ ಹೆಂಗಸರ ದುಡಿಮೆ, ಆ ಕಾಲದ ಕೋಮುಗಲಭೆಯ ರಾಜಕಾರಣ ಎಲ್ಲವೂ ಅದರಲ್ಲಿ ಸೇರಿಕೊಂಡಿತ್ತು. ಮಲೆನಾಡಿನ ದೀವರ ಹೆಂಗಸರು ಹಸೆ ಚಿತ್ತಾರಕ್ಕೆ ಕೆಮ್ಮಣ್ಣು, ಅಕ್ಕಿಹಿಟ್ಟು, ಗುರಿಗೆ ಕಾಯಿಯ ಹಳದಿ, ಪುಂಡಿ ನಾರಿನ ಕುಂಚ ಬಳಸುವುದು ಇದಕ್ಕಿಂತ ಎಷ್ಟೋ ಹಳೆಯದು. ನಮ್ಮ ಕಡೆ ಮಣ್ಣೆತ್ತಿನ ಅಮಾವಾಸ್ಯೆಗೆ ಕೆರೆಯ ಜಿಗುಟು ಮಣ್ಣಿನಿಂದ ಎತ್ತು, ಆಷಾಢದ ಮಂಗಳವಾರಗಳಲ್ಲಿ ಗುಳ್ಳವ್ವ. ಯಾವ ಗ್ಯಾಲರಿಯೂ ಇಲ್ಲದೆ ಮಕ್ಕಳೇ ನಡೆಸಿಕೊಂಡು ಬಂದ ಪ್ರದರ್ಶನ ಇದು. ಕೊನೆಗೆ ಮಣ್ಣು ನೀರಿಗೇ ಹೋಗುತ್ತದೆ. ಸಂಗ್ರಹಾಲಯದ ಸಮಸ್ಯೆಯೇ ಇಲ್ಲ!

ಈ ಪಂಥದವರಿಗೆ ಪರದೆಯ ಮೇಲೆ ಅನುಮಾನ. ವಾಸನೆ, ತೂಕ, ಕೊಳೆಯುವ ಗುಣ ಯಾವುದೂ ಪಿಕ್ಸೆಲ್‌ಗಿಲ್ಲ ಎನ್ನುತ್ತಾರೆ. ಮಾತು ನಿಜ. ಆದರೆ ತೈಲವರ್ಣಕ್ಕಾಗಲಿ, ಪ್ಲಾಸ್ಟಿಕ್ಕಿನ ಬಂಧುವಾದ ಅಕ್ರಿಲಿಕ್ಕಿಗಾಗಲಿ ಆ ಗುಣ ಎಲ್ಲಿತ್ತು? ಡೆನ್ಮಾರ್ಕ್ ಮೂಲದ ಓಲಾಫರ್ ಎಲಿಯಾಸನ್ ಗ್ರೀನ್‌ಲ್ಯಾಂಡಿನ ಹಿಮದ ಬಂಡೆಗಳನ್ನು 2014ರಲ್ಲಿ ಕೋಪನ್‌ಹೇಗನ್, 2015ರಲ್ಲಿ ಪ್ಯಾರಿಸ್, 2018ರಲ್ಲಿ ಲಂಡನ್ನಿನ ಬಯಲಿಗೆ ತಂದಿಟ್ಟು ಕರಗಲು ಬಿಟ್ಟರು. ಜನ ಮುಟ್ಟಿದರು, ಅಪ್ಪಿದರು. ಆ ಹಿಮವನ್ನು ಅಷ್ಟು ದೂರ ಸಾಗಿಸಲು ಸುಟ್ಟ ಇಂಧನದ ಮಾತೂ ಅದರ ಬೆನ್ನಿಗೇ ಬಂತು. ನಿಜವಾದ ವಸ್ತುವನ್ನು ತಂದರೂ ಪಾಪ ತಪ್ಪದು.

ಒಳಹೊಕ್ಕು ನೋಡುವ ಕಲೆ

ಜನ ಅತಿ ಹೆಚ್ಚು ಹಣ ಕೊಟ್ಟು ನೋಡುವುದು ಈ ಮೂರನೆಯ ಬಗೆಯನ್ನು. ಟೋಕಿಯೊದ ಟೀಮ್‌ಲ್ಯಾಬ್ 2018ರಲ್ಲಿ ಇಡೀ ಕಟ್ಟಡವನ್ನೇ ಇಂಥ ಕಲೆಗೆ ಮೀಸಲಿಟ್ಟಿತು. ಅವರ ಹೂಗಳು ಮೊದಲೇ ಚಿತ್ರಿಸಿಟ್ಟ ಸಿನಿಮಾ ಅಲ್ಲ. ನೀವು ನಿಂತರೆ ಸುತ್ತ ಅರಳುತ್ತವೆ, ತುಳಿದರೆ ಉದುರುತ್ತವೆ, ಆ ಹೊತ್ತಿಗೆ ಕಂಪ್ಯೂಟರ್ ಅವನ್ನು ಬರೆಯುತ್ತಿರುತ್ತದೆ. ವ್ಯಾನ್‌ಗೋನ ಚಿತ್ರಗಳನ್ನು ನೆಲ, ಗೋಡೆಯ ತುಂಬ ಹರಿಸುವ ಪ್ರದರ್ಶನ 2023ರಲ್ಲಿ ಬೆಂಗಳೂರಿಗೂ ಬಂತು. ವಿಮರ್ಶಕರು ಮೂಗು ಮುರಿದರು: ವ್ಯಾನ್‌ಗೋ ಬಣ್ಣವನ್ನು ದಪ್ಪಗೆ ಮೆತ್ತಿ ಉಬ್ಬು ಎಬ್ಬಿಸಿದ್ದ, ಆ ಉಬ್ಬೇ ಗೋಧಿ ಹೊಲದ ಗಾಳಿಯಾಗಿತ್ತು, ಪ್ರೊಜೆಕ್ಟರ್ ಅದನ್ನು ಸಪಾಟು ಮಾಡಿ ಹತ್ತು ಪಟ್ಟು ಹಿಗ್ಗಿಸುತ್ತದೆ.

ಆದರೂ ಜನರ ಸಂತೋಷವನ್ನು ಹೀಗಳೆಯುವುದು ನನಗೆ ಒಗ್ಗದು. ಗ್ಯಾಲರಿಯ ಬಿಳಿ ಗೋಡೆಯ ಮುಂದೆ ಏನು ಮಾತಾಡಬೇಕೋ ತಿಳಿಯದೆ ಹಿಂಜರಿಯುವವರು ಇಲ್ಲಿ ಮಕ್ಕಳನ್ನು ಹೆಗಲ ಮೇಲೆ ಹೊತ್ತು ಓಡಾಡುತ್ತಾರೆ. ನಮ್ಮ ಕಡೆ ಇದಕ್ಕೆ ಪ್ರೊಜೆಕ್ಟರ್ ಇಲ್ಲದ ಉದಾಹರಣೆಯಿದೆ. ಶಿಗ್ಗಾವಿ ತಾಲೂಕಿನ ಗೊಟಗೋಡಿಯಲ್ಲಿ ಕಲಾವಿದ ಟಿ.ಬಿ. ಸೊಲಬಕ್ಕನವರ ಕಟ್ಟಿದ ಉತ್ಸವ ರಾಕ್ ಗಾರ್ಡನ್. ಸಿಮೆಂಟಿನಲ್ಲಿ ಎರಕವಾದ ಒಕ್ಕಲುತನ, ದನಕರು, ಹಳ್ಳಿಯ ಮನೆ, ಹೆಂಗಸರು. ಲಕ್ಷ್ಮೇಶ್ವರ ಕಡೆಯ ಶಾಲಾಮಕ್ಕಳಿಗೆ ಅದು ಟ್ರಿಪ್ಪಿನ ಜಾಗ. ನೋಡುಗರು ಕೃತಿಯ ಎದುರು ನಿಲ್ಲುವುದಿಲ್ಲ, ಒಳಗೇ ಇರುತ್ತಾರೆ. ‘ಇಮ್ಮರ್ಸಿವ್’ ಎಂದು ನಗರದಲ್ಲಿ ಮಾರುವುದು ಇದನ್ನೇ. ಒಂದು ವ್ಯತ್ಯಾಸ: ಗೊಟಗೋಡಿಯ ಎತ್ತು ಈ ಭಾಗದ ಎತ್ತು, ಅದರ ಕೊಂಬು, ಗೆಜ್ಜೆ, ಹಗ್ಗ ಎಲ್ಲ ಗುರುತು ಹಿಡಿಯುವಂಥವು. ಅಜ್ಜ ಮೊಮ್ಮಗನಿಗೆ ಇದು ತಪ್ಪಾಗಿದೆ, ಹೀಗಿರಬೇಕಿತ್ತು ಎಂದು ಜಗಳ ತೆಗೆಯಬಹುದು. ಟೀಮ್‌ಲ್ಯಾಬಿನ ಹೂವಿನ ಜತೆ ಯಾರೂ ಹಾಗೆ ಜಗಳ ತೆಗೆಯಲಾರರು.

ಅಂಕಿಅಂಶವೇ ಬಣ್ಣವಾದಾಗ

ನಾಲ್ಕನೆಯ ಪಂಥಕ್ಕೆ ನಿಸರ್ಗವೆಂದರೆ ದತ್ತಾಂಶ. ಟರ್ಕಿ ಮೂಲದ ರೆಫಿಕ್ ಅನಡೋಲ್ ಅಂತರ್ಜಾಲದಲ್ಲಿ ಸಿಗುವ ಕೋಟ್ಯಂತರ ನಿಸರ್ಗ ಚಿತ್ರಗಳನ್ನು ಯಂತ್ರಕ್ಕೆ ಕಲಿಸಿ, ಅದು ‘ಕಾಣುವ ಕನಸು’ಗಳನ್ನು ಮಹಡಿಯೆತ್ತರದ ಪರದೆಯಲ್ಲಿ ಹರಿಯಬಿಡುತ್ತಾರೆ. ಕಣ್ಣಿಗೆ ಹಬ್ಬ. ಆದರೆ ಎಲ್ಲ ಕಾಡುಗಳ ಸರಾಸರಿ ತೆಗೆದರೆ ಬರುವುದು ಯಾವ ಕಾಡು? ಗದಗಿನ ಕಂಪನಿಗಳ ಕಾಡಿನ ಪರದೆಯೇ, ಸ್ವಲ್ಪ ದುಬಾರಿಯಾಗಿ. ನಾಟಕದವರಾದರೂ ಅದನ್ನು ಹಿನ್ನೆಲೆಗೆ ಇಟ್ಟಿದ್ದರು, ಮುಂದೆ ನಟರು ಇದ್ದರು.

ದತ್ತಾಂಶವನ್ನು ಒಂದು ಸ್ಥಳಕ್ಕೆ ಕಟ್ಟಿದರೆ ಕಥೆ ಬೇರೆಯಾಗುತ್ತದೆ. ಅಮರ್ ಕನ್ವರ್ ಅವರ ‘ದ ಸಾವರಿನ್ ಫಾರೆಸ್ಟ್’ 2012ರಲ್ಲಿ ಜರ್ಮನಿಯ ಡಾಕ್ಯುಮೆಂಟಾ ಕಲಾಪ್ರದರ್ಶನದಲ್ಲಿ ಪ್ರದರ್ಶಿತವಾಯಿತು: ಗಣಿ, ಕಾರ್ಖಾನೆಗಳಿಗಾಗಿ ಭೂಮಿ ಕಳೆದುಕೊಂಡ ಒಡಿಶಾದ ಊರುಗಳ ವಿಡಿಯೊ, ಕೈಯಿಂದ ಮಾಡಿದ ಕಾಗದದ ಪುಟಗಳ ಮೇಲೆ ಬೀಳುವ ಬೆಳಕು, ಗೋಡೆಯ ಮೇಲೆ 266 ದೇಸಿ ಭತ್ತದ ತಳಿಗಳ ಬೀಜ. ಕೃತಿಯೇ ಪುರಾವೆಯಾಗಿ ನಿಲ್ಲಬಹುದೇ ಎಂದು ಅದು ಕೇಳಿತು. ಪೋಸ್ಕೊ ಉಕ್ಕಿನ ಕಾರ್ಖಾನೆಗೆ ಭೂಮಿ ಕೊಡುವುದಿಲ್ಲ ಎಂದು 2011ರಲ್ಲಿ ತೋಂಟದಾರ್ಯ ಮಠದ ಸಿದ್ಧಲಿಂಗ ಸ್ವಾಮಿಗಳ ಜತೆ ನಿಂತ ನಮ್ಮ ಜಿಲ್ಲೆಯ ಹಳ್ಳಿಗುಡಿ ಸೀಮೆಯವರಿಗೆ ಆ ಕೃತಿಯನ್ನು ವಿವರಿಸಬೇಕಿಲ್ಲ.

ಮಾಗಡಿ ಕೆರೆಯನ್ನೇ ತೆಗೆದುಕೊಳ್ಳಿ. 2024ರ ಜನವರಿ ಕೊನೆಯಲ್ಲಿ ಅಘನಾಶಿನಿ ಅಳಿವೆ ಮತ್ತು ಅಂಕಸಮುದ್ರದ ಜತೆ ಅದು ಜಾಗತಿಕ ಮಹತ್ವದ ಜೌಗುಪ್ರದೇಶಗಳ ರಾಮ್ಸಾರ್ ಪಟ್ಟಿ ಸೇರಿತು. ತಲೆಯ ಹಿಂದೆ ಎರಡು ಕಪ್ಪು ಪಟ್ಟೆಯಿರುವ ಹೆಬ್ಬಾತುಗಳು ಹಿಮಾಲಯ ದಾಟಿ ಬಂದು ಹಗಲು ಕೆರೆಯಲ್ಲಿ ತೇಲುತ್ತವೆ, ಮೇಯಲು ಸುತ್ತಲ ಹೊಲಗಳಿಗೆ ಇಳಿಯುತ್ತವೆ. ಮಂಗೋಲಿಯಾದಲ್ಲಿ ಕೊರಳಪಟ್ಟಿ ತೊಡಿಸಿದ ಹೆಬ್ಬಾತುಗಳು ಕರ್ನಾಟಕದ ಕೆರೆಗಳಲ್ಲಿ ಕಂಡದ್ದುಂಟು. ಆ ಹಾರಾಟದ ಜಾಡು ಕಾಗದದ ಮೇಲೆ ಇಳಿದರೆ ಯಾವ ಕುಂಚವೂ ಎಳೆಯದ ಗೆರೆ. ಅದೇ ಗೆರೆಯ ಕೊನೆಯ ತುದಿ ಯಾರದೋ ಶೇಂಗಾ ಹೊಲ, ಆ ಹೊಲದವರಿಗೆ ಆದ ಲುಕ್ಸಾನು. ಕಲಾವಿದರು ಮೊದಲಿನದನ್ನು ಬರೆದು ಎರಡನೆಯದನ್ನು ಬಿಟ್ಟರೆ ಚಿತ್ರ ಅರ್ಧವೇ ಆಗುತ್ತದೆ. ಎರಡನ್ನೂ ಒಂದೇ ಪರದೆಗೆ ತರುವ ಶಕ್ತಿ ಮಾತ್ರ ಡಿಜಿಟಲ್ ಸಾಧನಕ್ಕೆ ಇದೆ, ಜಲವರ್ಣಕ್ಕೆ ಕಷ್ಟ. ಈ ಪಂಥದ ನಿಜವಾದ ಬಲ ಇದು ಎಂದು ನಾನು ಭಾವಿಸುತ್ತೇನೆ, ಕನಸಿನ ಪರದೆಗಳಲ್ಲ.

ಪರದೆಯ ಹಿಂದಿನ ಗಣಿ

ಐದನೆಯವರು ಕಲೆಯ ಬಗ್ಗೆ ಮಾತಾಡುವುದೇ ಇಲ್ಲ, ಕರೆಂಟ್ ಬಿಲ್ ಕೇಳುತ್ತಾರೆ. 2021ರ ಮಾರ್ಚ್‌ನಲ್ಲಿ ಬೀಪಲ್ ಎಂಬ ಕಲಾವಿದನ ಡಿಜಿಟಲ್ ಕೃತಿ ಎನ್‌ಎಫ್‌ಟಿಯಾಗಿ, ಅಂದರೆ ಡಿಜಿಟಲ್ ಒಡೆತನದ ಪತ್ರವಾಗಿ, 6.9 ಕೋಟಿ ಡಾಲರ್‌ಗೆ ಹರಾಜಾದಾಗ ಈ ವಾದಕ್ಕೆ ಬೆಂಕಿ ಹತ್ತಿತು. ಅಂಥ ವ್ಯವಹಾರ ನಡೆಯುತ್ತಿದ್ದ ಎಥೀರಿಯಂ ಜಾಲ ನುಂಗುತ್ತಿದ್ದ ವಿದ್ಯುತ್ ಅಪಾರ. 2022ರ ಸೆಪ್ಟೆಂಬರಿನಲ್ಲಿ ಆ ಜಾಲ ತನ್ನ ವಿಧಾನ ಬದಲಿಸಿ ಬಳಕೆಯನ್ನು ಶೇ 99ಕ್ಕೂ ಹೆಚ್ಚು ಇಳಿಸಿತು. ವಾದ ಅಲ್ಲಿಗೆ ಮುಗಿಯಲಿಲ್ಲ, ಎಐ ಕೇಂದ್ರಗಳ ಕಡೆ ತಿರುಗಿತು.

ಗದಗ ಜಿಲ್ಲೆಗೆ ಈ ವಾದ ದೂರದ್ದಲ್ಲ. ಕಂಪ್ಯೂಟರಿನ ಸರ್ಕ್ಯೂಟುಗಳಿಗೆ ಚಿನ್ನ ಬೇಕು. ಕಪ್ಪತಗುಡ್ಡದ ಒಡಲಲ್ಲಿ ಚಿನ್ನವಿದೆ ಎಂಬುದೇ ಆ ಗುಡ್ಡದ ಮೇಲೆ ಗಣಿಯವರ ಕಣ್ಣು ಬೀಳಲು ಕಾರಣ. ಗುಡ್ಡವನ್ನು 2015ರಲ್ಲಿ ಸಂರಕ್ಷಿತ ಪ್ರದೇಶವೆಂದು ಸಾರಿ, ಮರುವರ್ಷ ಹಿಂತೆಗೆದು, ಹೋರಾಟದ ನಂತರ ಮತ್ತೆ ಸೇರಿಸಿ, 2019ರಲ್ಲಿ ಸುಮಾರು 244 ಚದರ ಕಿ.ಮೀ. ವನ್ಯಧಾಮವಾಗಿ ಘೋಷಿಸಲಾಯಿತು. ಔಷಧಿ ಸಸ್ಯಗಳಿಗೆ ಹೆಸರಾದ ಆ ಗುಡ್ಡದ ಹೂವನ್ನು ಪರದೆಯ ಮೇಲೆ ಅರಳಿಸುವ ಯಂತ್ರಕ್ಕೆ ಇನ್ನೊಂದು ಗುಡ್ಡವನ್ನು ಅಗೆದಿರುತ್ತಾರೆ. ಹಾಗೆಂದು ಅದೇ ಯಂತ್ರಕ್ಕೆ ಬೇಕಾದ ವಿದ್ಯುತ್ತನ್ನು ಈ ಜಿಲ್ಲೆಯ ಗಾಳಿಯೇ ಕೊಡಬಲ್ಲದು. ಗುಡ್ಡದ ಸಾಲಿನ ಮೇಲೆ ತಿರುಗುವ ರೆಕ್ಕೆಗಳನ್ನು ಬಿಟ್ಟು ಇಂದು ಇಲ್ಲಿನ ನಿಸರ್ಗಚಿತ್ರ ಬರೆಯುವುದೂ ಒಂದು ಸುಳ್ಳೇ.

ಇತ್ಯರ್ಥವಾಗದೆ ಉಳಿದದ್ದು

ಕರ್ತೃ ಯಾರು ಎಂಬುದು ಮೊದಲ ತೊಡಕು. ಭಾರತದ ಹಕ್ಕುಸ್ವಾಮ್ಯ ಕಾಯ್ದೆಯಲ್ಲಿ ಕಂಪ್ಯೂಟರ್ ಹುಟ್ಟಿಸಿದ ಕೃತಿಯ ಮಾತು ಇದೆ. ಅದು ಹುಟ್ಟಲು ಕಾರಣನಾದ ವ್ಯಕ್ತಿಯೇ ಕರ್ತೃ ಎನ್ನುತ್ತದೆ. ಎಐ ಕಾಲದಲ್ಲಿ ಆ ಕಾರಣ ಯಾರು? ಆದೇಶ ಕೊಟ್ಟ ಕಲಾವಿದರೋ, ಯಂತ್ರ ಕಟ್ಟಿದ ಕಂಪನಿಯೋ, ಯಂತ್ರಕ್ಕೆ ಪಾಠವಾದ ಸಾವಿರಾರು ಚಿತ್ರಗಾರರೋ?

ಉಳಿಕೆಯದು ಎರಡನೆಯದು. 578ರಲ್ಲಿ ಕೊರೆದ ಬಾದಾಮಿಯ ಮೂರನೇ ಗುಹೆಯಲ್ಲಿ ಬಣ್ಣದ ತುಣುಕುಗಳು ಇನ್ನೂ ಅಂಟಿಕೊಂಡಿವೆ. ಇತ್ತ ವಿಡಿಯೊ ಕಲೆಯ ಮೂಲಪುರುಷ ನಾಮ್ ಜೂನ್ ಪೈಕ್‌ನ ಕೃತಿಗಳಿಗೆ ಹಳೆಯ ಟಿವಿ ಟ್ಯೂಬುಗಳೇ ಸಿಗದೆ ಸಂಗ್ರಹಾಲಯಗಳು ಪರದಾಡುತ್ತಿವೆ. ಟ್ಯೂಬ್ ಬದಲಿಸಿ ಎಲ್‌ಇಡಿ ಹಾಕಿದರೆ ಅದು ಅದೇ ಕೃತಿಯೇ ಎಂಬುದರಲ್ಲಿ ತಜ್ಞರಿಗೇ ಒಮ್ಮತವಿಲ್ಲ.

ಹಣ ಮತ್ತು ಜಾಗ ಯಾರದ್ದು ಎಂಬುದೂ ಹಾಗೆಯೇ ಉಳಿದಿದೆ. ವೆಂಕಟಪ್ಪನವರ ಹೆಸರಿನ ಸರ್ಕಾರಿ ಚಿತ್ರಶಾಲೆಯನ್ನು ಖಾಸಗಿ ಪ್ರತಿಷ್ಠಾನಕ್ಕೆ ಒಪ್ಪಿಸುವ ಮಾತು ಬಂದಾಗ 2016ರಲ್ಲಿ ಕಲಾವಿದರು ಬೀದಿಗಿಳಿದಿದ್ದರು. ಪ್ರೊಜೆಕ್ಟರ್, ಸೆನ್ಸರ್, ಹವಾನಿಯಂತ್ರಣ ಬೇಡುವ ಕಲೆಗೆ ಖಾಸಗಿ ದುಡ್ಡಿನ ಅಗತ್ಯ ಇನ್ನೂ ಹೆಚ್ಚು. ಜಿಲ್ಲೆಯ ಕಲಾಶಾಲೆಗಳಲ್ಲಿ ಕಲಿತು ಕೈ ಪಳಗಿದ ಹುಡುಗ ಹುಡುಗಿಯರು ಈ ಆಟದಲ್ಲಿ ಕಲಾವಿದರಾಗುತ್ತಾರೋ, ಬೆಂಗಳೂರಿನ ಸ್ಟುಡಿಯೊಗಳಿಗೆ ಕೂಲಿಗೆ ಹೋಗುತ್ತಾರೋ, ಇನ್ನೂ ಹೇಳುವಂತಿಲ್ಲ. ಇಂಥ ಪ್ರದರ್ಶನ ನೋಡಿ ಬಂದವರು ಒಂದು ಕೆರೆಯನ್ನಾದರೂ ಉಳಿಸುತ್ತಾರೆಯೇ ಎಂಬುದಕ್ಕೂ ಹೌದೆನ್ನುವವರ ಬಳಿಯೂ ಇಲ್ಲವೆನ್ನುವವರ ಬಳಿಯೂ ಇರುವುದು ನಂಬಿಕೆಯೇ.

ಕೊನೆಯದು ತೀರ ವ್ಯವಹಾರದ್ದು. ಮಾಗಡಿಯ ಬಗ್ಗೆಯೇ ಇಂಥ ಒಂದು ಪ್ರದರ್ಶನ ಮಾಡಬೇಕೆಂದರೆ ಎಲ್ಲಿ ಮಾಡುವುದು? ಹಕ್ಕಿಗಳಿರುವ ಡಿಸೆಂಬರ್, ಜನವರಿಯಲ್ಲಿ ಕೆರೆಯ ದಂಡೆಯಲ್ಲೇ ಪರದೆ ಕಟ್ಟಿದರೆ ರಾತ್ರಿಯ ಬೆಳಕೇ ಹಕ್ಕಿಗಳಿಗೆ ತೊಂದರೆ. ಗದಗಿನ ಸಭಾಂಗಣಕ್ಕೆ ಒಯ್ದರೆ ಬೆಳಕಿನ ಕಾಟ ತಪ್ಪುತ್ತದೆ, ಆದರೆ ಕೆರೆಯೂ ಶೇಂಗಾ ಹೊಲದವರೂ ಹೊರಗೇ ಉಳಿಯುತ್ತಾರೆ. ಹಕ್ಕಿ ಹೋದ ಮೇಲೆ ಬೇಸಗೆಯಲ್ಲಿ, ನೀರಿಳಿದ ದಂಡೆಯಲ್ಲಿ ಮಾಡಿ ಎನ್ನುವವರಿದ್ದಾರೆ. ಆಗ ಏನನ್ನು ತೋರಿಸುವುದು ಎಂದು ಕಣ್ಣಿನವರೂ ಮಣ್ಣಿನವರೂ ದತ್ತಾಂಶದವರೂ ಬೇರೆಬೇರೆ ಉತ್ತರ ಕೊಡುತ್ತಾರೆ.